ನಾನೂರ ಹದಿಮೂರನೆಯ ಪುಟ

ಗ್ರಂಥಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ಮನೆಯಲ್ಲಿ ಯಾರು ಏನು ಮಾಡಿದರೆಂದು ಅದಕ್ಕೆ ಚಾಡಿ ಹೇಳುವವರೂ ಇಲ್ಲ. ಹಾಗಿದ್ದ ಮೇಲೆ ರಟ್ಟಪ್ಪ ಡಬ್ಬಿಯಲ್ಲಿದ್ದ ಕೊನೆಯ ನಾಲ್ಕು ಬಿಸ್ಕತ್ತುಗಳನ್ನು ತಿಂದು ಮುಗಿಸಿದ ದಿನವೇ ಅದು ‘ಪರರ ಪಾಲನ್ನು ತಿನ್ನುವವನ ಗತಿ’ ಎಂಬ ಪುಟಕ್ಕೆ ಯಾಕೆ ತೆರೆದುಕೊಳ್ಳಬೇಕು? ಹಲ್ಲಿನ ಡಾಕ್ಟರ ಹತ್ತಿರ ಹೋಗಿಬಂದೆ ಎಂದು ಹೇಳಿ, ಹೋಗದೆ ಬಂದ ದಿನವೇ ‘ಸುಳ್ಳಾಡುವ ನಾಲಿಗೆ’ ಯಾಕೆ ಬರಬೇಕು? ಭಾನುವಾರ ಹನ್ನೊಂದು ಗಂಟೆಗೆ ಎದ್ದ ದಿನ ‘ಸೋಮಾರಿಯ ಹಾಸಿಗೆ’! ಸಾವಿರದ ಇನ್ನೂರು ಪುಟಗಳ ಗ್ರಂಥಕ್ಕೆ ಇಡೀ ಲೋಕದಲ್ಲಿ ತನ್ನೊಬ್ಬನ ವಿಳಾಸ ಮಾತ್ರ ಗೊತ್ತಿರುವುದು ಹೇಗೆ ಎಂದು ರಟ್ಟಪ್ಪ ಹನ್ನೊಂದು ದಿನ ಯೋಚಿಸಿದ. ಹನ್ನೆರಡನೆಯ ದಿನ ಅವನಿಗೆ ಅನುಮಾನ ಗಟ್ಟಿಯಾಯಿತು.

ರಟ್ಟಪ್ಪ ಅವನ ಹೆಸರಲ್ಲ. ಇಪ್ಪತ್ತೆಂಟು ವರ್ಷ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತ, ರಟ್ಟು ಕತ್ತರಿಸುತ್ತ ಕೂತದ್ದಕ್ಕೆ ಬೀದಿಯವರು ಇಟ್ಟ ಬಿರುದು. (ಅಸಲಿ ಹೆಸರು ಈಗ ಕರೆಂಟ್ ಬಿಲ್ಲಿಗೆ ಮಾತ್ರ ನೆನಪಿದೆ.) ಅವನ ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್. ಬೀದಿಗೆಲ್ಲ ‘ಸಿಸ್ಟರ್’, ಇವನೊಬ್ಬನಿಗೆ ಹೆಂಡತಿ. ಮೂವತ್ತು ಹಾಸಿಗೆಯ ವಾರ್ಡನ್ನು ಕಣ್ಣಿನಲ್ಲೇ ಆಳಿ ಬಂದವಳಿಗೆ ಒಂದು ಹಾಸಿಗೆಯ ಗಂಡ ಯಾವ ಲೆಕ್ಕ? ಗ್ರಂಥಾಧ್ಯಯನವನ್ನೂ ಅವಳು ಔಷಧಿಯ ಹಾಗೆಯೇ ಶುರುಮಾಡಿದ್ದಳು: ದಿನಕ್ಕೊಂದು ಪುಟ, ಸಂಜೆ ಚಹಾ ಆದ ಮೇಲೆ, ಕಹಿಯಾದರೂ ಉಗುಳುವಂತಿಲ್ಲ.

“ನಾವು ಬದುಕ್ತಾ ಇರೋ ರೀತಿ ಸರಿಯಿಲ್ಲ ರೀ” ಎಂದಿದ್ದಳು ಮೊದಲ ದಿನ. “ಎಲ್ಲರ ಹತ್ರ ಜಗಳ, ಎಲ್ಲದಕ್ಕೂ ಅನುಮಾನ. ಓದೋಣ, ತಿಳ್ಕೊಳೋಣ, ತಿದ್ಕೊಳೋಣ.”

“ನಾವು ಅಂದ್ರೆ ಯಾರು?”

“ನಾವು ಅಂದ್ರೆ ನಾವೇ. ಕೂತ್ಕೊಳಿ.”

ಓದುವ ಕ್ರಮವೂ ಅವಳದೇ. ಒಬ್ಬರು ಕಣ್ಣುಮುಚ್ಚಿ ಗ್ರಂಥವನ್ನು ತೆರೆಯಬೇಕು. ಯಾವ ಪುಟ ಬರುತ್ತದೋ ಅದೇ ಅಂದಿನ ಪಾಠ. ಓದಿದ ಮೇಲೆ ಪ್ರತಿಯೊಬ್ಬರೂ ಅದು ತಮ್ಮ ಬದುಕಿಗೆ ಎಲ್ಲಿ ತಾಗುತ್ತದೆ ಎಂದು ಹೇಳಬೇಕು. ಕಾನೂನು ಓದುತ್ತಿದ್ದ ಮಗಳು ಪ್ರತಿದಿನವೂ “ನನಗೆ ಅನ್ವಯಿಸೋದಿಲ್ಲ” ಎನ್ನುತ್ತಿದ್ದಳು. ಹೆಂಡತಿ ಒಂದು ನಿಮಿಷ ಕಣ್ಣುಮುಚ್ಚಿ ಆತ್ಮಪರೀಕ್ಷೆ ಮಾಡಿಕೊಂಡು, “ನನ್ನಲ್ಲಿ ಇದು ಮುಂಚೆ ಸ್ವಲ್ಪ ಇತ್ತು, ಈಗಿಲ್ಲ” ಎನ್ನುತ್ತಿದ್ದಳು. ಆಮೇಲೆ ತಾಯಿ ಮಗಳಿಬ್ಬರೂ ತಿರುಗಿ ರಟ್ಟಪ್ಪನನ್ನು ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಒಂದು ಸಲವಾದರೆ ಸರಿ. ದಿನಾ ಸಂಜೆ ಮುಟ್ಟಿ ಮುಟ್ಟಿ ಇವನ ಹೆಗಲೇ ಸವೆಯಿತು.

ಅನುಮಾನಕ್ಕೆ ಇನ್ನೊಂದು ಬಲವಾದ ಕಾರಣವಿತ್ತು. ಗ್ರಂಥ ಬಂದದ್ದು ರಟ್ಟಪ್ಪನ ಅಮ್ಮನಿಂದ. ಅಮ್ಮ ಇರುವುದು ಅಣ್ಣನ ಮನೆಯಲ್ಲಿ. ಅಣ್ಣನಿಗೂ ಇವನಿಗೂ ಮಾತು ಬಿಟ್ಟು ಮೂರು ವರ್ಷ.

ಮಾತು ಬಿಟ್ಟದ್ದು ಆಸ್ತಿಗಲ್ಲ, ಏಣಿಗೆ. ಅಣ್ಣ ಅಂಗಡಿಗಳ ಬೋರ್ಡು ಬರೆಯುವವನು. ರಟ್ಟಪ್ಪ ತನ್ನ ಅಂಗಡಿಯ ಚಾವಣಿಗೆ ಬಣ್ಣ ಬಳಿಯಲು ಅವನ ಮರದ ಏಣಿಯನ್ನು ಎರಡು ದಿನಕ್ಕೆಂದು ತಂದ. ತಿಂಗಳಾದ ಮೇಲೆ ಅಣ್ಣ ಕೇಳಿದ. “ಅವತ್ತೇ ತಂದು ನಿನ್ನ ಗೇಟಿಗೆ ಒರಗಿಸಿ ಬಂದೆನಲ್ಲ, ಮನೇಲಿ ಯಾರೂ ಇರಲಿಲ್ಲ” ಎಂದ ಇವನು.

“ಗೇಟಿಗೆ ಒರಗಿಸಿದ ಏಣಿಗೆ ಕಾಲು ಬಂದು ನಡ್ಕೊಂಡು ಹೋಯ್ತೇನೋ?”

“ಹೋಗಿರಬಹುದು. ಏಣಿಗೆ ಕಾಲು ಇದ್ದೇ ಇದೆಯಲ್ಲ, ಎರಡು!”

ಈ ಜಾಣ ಉತ್ತರಕ್ಕೆ ಮೂರು ವರ್ಷದ ಬೆಲೆ ತೆರಬೇಕಾಯಿತು. ಅಣ್ಣ “ಸುಳ್ಳ” ಎಂದ. ಇವನು “ನೀನಾಗಿ ಬಂದು ತಪ್ಪಾಯ್ತು ಅನ್ನೋವರೆಗೂ ನಿನ್ನ ಹೊಸಿಲು ತುಳಿಯಲ್ಲ” ಎಂದು ಶಪಥ ಮಾಡಿದ. ಅಂದಿನಿಂದ ಅಮ್ಮನನ್ನು ನೋಡಬೇಕಾದರೆ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ನೋಡಬೇಕು. ಅಣ್ಣನಿಗೆ ಕಣ್ಣಿನ ಆಪರೇಷನ್ ಆದಾಗ ರಟ್ಟಪ್ಪ ಆಸ್ಪತ್ರೆಯ ಗೇಟಿನವರೆಗೆ ಹೋಗಿ ವಾಪಸ್ ಬಂದಿದ್ದ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅಣ್ಣನ ನೆನಪಾದಾಗ ಎದೆಯಲ್ಲಿ ಏನೋ ಹಿಂಡಿದಂತಾಗುತ್ತಿತ್ತು. ಆದರೆ ಏಣಿಯ ನೆನಪಾದ ತಕ್ಷಣ ಹಿಂಡಿದ್ದು ಬಿಟ್ಟುಹೋಗುತ್ತಿತ್ತು.

ಈಗ ಲೆಕ್ಕ ಕೂಡಿತು. ಅಮ್ಮ ಗ್ರಂಥ ಕೊಡುತ್ತಾಳೆ, ಹೆಂಡತಿ ಓದಿಸುತ್ತಾಳೆ, ಸುಳ್ಳು, ಸೋಮಾರಿತನ, ಹಟ ಎಂದು ದಿನಕ್ಕೊಂದು ಪೆಟ್ಟು ಕೊಟ್ಟು ಮೆತ್ತಗೆ ಮಾಡುತ್ತಾರೆ, ಕೊನೆಗೊಂದು ದಿನ ‘ಅಣ್ಣನ ಕಾಲು ಹಿಡಿ’ ಎಂಬ ಪುಟ ಬರುತ್ತದೆ. ದೇವರ ಹೆಸರಿನಲ್ಲಿ ಒಳಸಂಚು!

ಮರುದಿನ ಹೆಂಡತಿ ಡ್ಯೂಟಿಗೆ ಹೋದದ್ದೇ ತಡ, ರಟ್ಟಪ್ಪ ಗ್ರಂಥವನ್ನು ಮೇಜಿನ ಮೇಲಿಟ್ಟು ಪರೀಕ್ಷೆಗೆ ಕೂತ. ಇಲ್ಲಿ ಅವನ ವಿದ್ಯೆಯ ಬಗ್ಗೆ ಒಂದು ಮಾತು ಹೇಳಬೇಕು. ಸಾವಿರಾರು ಪುಸ್ತಕ ಕಟ್ಟಿದವನು ಒಂದನ್ನೂ ಓದಿರಲಿಲ್ಲ. “ಬೈಂಡರು ಅಂಕಿ ನೋಡಬೇಕು, ಅಕ್ಷರ ನೋಡಬಾರದು, ಅಕ್ಷರ ನೋಡಿದೆಯೋ, ಪುಟ ಹಿಂದುಮುಂದಾಯಿತು” ಎಂದು ಕೆಲಸ ಕಲಿಸಿದ ಮೇಸ್ತ್ರಿ ಹೇಳಿದ್ದ. ಆ ಮಾತನ್ನು ಅವನು ವೇದವಾಕ್ಯವೆಂದು ಪಾಲಿಸಿದ್ದ. ಆದರೆ ಪುಸ್ತಕದ ಬೆನ್ನು ನೋಡಿದರೆ ಸಾಕು, ಅದು ಯಾರ ಕೈಯಲ್ಲಿ ಹೇಗೆ ಬಾಳಿದೆ ಎಂದು ಹೇಳಬಲ್ಲ. ಪುಸ್ತಕ ತಾನಾಗಿ ಎಲ್ಲೋ ತೆರೆದುಕೊಳ್ಳುವುದಿಲ್ಲ. ಎಲ್ಲಿ ಹೆಚ್ಚು ಸಲ ಅಗಲಿಸಿ ಒತ್ತಿದ್ದಾರೋ ಅಲ್ಲಿ ಬೆನ್ನು ಮುರಿದಿರುತ್ತದೆ, ಅಲ್ಲೇ ತೆರೆದುಕೊಳ್ಳುತ್ತದೆ.

ಈ ಗ್ರಂಥದ ಬೆನ್ನು ಏಳು ಕಡೆ ಮುರಿದಿತ್ತು. ಸುಳ್ಳು, ಸೋಮಾರಿತನ, ಪರರ ಪಾಲು, ಕೋಪ, ಹಟ, ಬಾಯಿಬಡುಕತನ, ಮೈಗಳ್ಳತನ. ಏಳಕ್ಕೆ ಏಳೂ ಇವನ ಜಾತಕ!

“ಸಿಕ್ಕಿಬಿದ್ದೆ ಸಿಸ್ಟರ್” ಎಂದು ರಟ್ಟಪ್ಪ ಖಾಲಿ ಮನೆಗೆ ಹೇಳಿದ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣದೇನು?

ಆದರೂ ಕೂಗಾಡಲಿಲ್ಲ. ಸೇರಿಗೆ ಸವ್ವಾಸೇರು ಎನ್ನುವುದು ಕೂಗಾಡುವವರ ಕೈಲಾಗುವ ಕೆಲಸವಲ್ಲ. ಸಂಜೆ ಚಹಾ ಹೀರುತ್ತ ಅತ್ಯಂತ ಸಾಧುಸ್ವರದಲ್ಲಿ, “ಲೇ, ಗ್ರಂಥದ ಬೆನ್ನು ಪೂರ್ತಿ ಹೋಗಿದೆ. ಬೈಂಡರ ಮನೆ ಗ್ರಂಥ ಹಿಂಗಿದ್ರೆ ನೋಡೋರು ಏನಂತಾರೆ? ಕೊಡು, ಹೊಸದಾಗಿ ಕಟ್ಕೊಡ್ತೀನಿ” ಎಂದ.

ಹೆಂಡತಿ ಥರ್ಮಾಮೀಟರ್ ಓದುವಂತೆ ಅವನ ಮುಖವನ್ನು ಓದಿದಳು. “ನೀವಾಗಿ ನೀವೇ? ಕೇಳದೆ?”

“ಸೇವೆ ಅಂತ.”

“ಅಪ್ಪ, ಸೋಮಾರಿ ಪುಟದ ಪರಿಣಾಮನಾ?” ಎಂದಳು ಮಗಳು.

“ಏನಾದ್ರೂ ಅಂದ್ಕೊ.”

ಹೆಂಡತಿ ಕೊಟ್ಟಳು. ಅಷ್ಟು ಸುಲಭವಾಗಿ ಕೊಟ್ಟದ್ದಕ್ಕೂ ಅವನಿಗೆ ಒಂದು ಸಣ್ಣ ಅನುಮಾನ ಬಂತು. ಆದರೆ ಎಲ್ಲ ಅನುಮಾನಗಳನ್ನೂ ಒಟ್ಟಿಗೆ ವಿಚಾರಿಸಲು ಪುರಸೊತ್ತಿರಲಿಲ್ಲ.

ಅಂಗಡಿಯಲ್ಲಿ ಬಾಗಿಲು ಅರ್ಧ ಎಳೆದುಕೊಂಡು, ರಟ್ಟಪ್ಪ ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ, ಕಟ್ಟಲು ತಂದ ಪುಸ್ತಕವೊಂದರ ಅಕ್ಷರಗಳನ್ನು ನೋಡಿದ. ಹೊಸ ಬೆನ್ನು ಎಲ್ಲಿ ತೆರೆದುಕೊಳ್ಳಬೇಕೆಂದು ತೀರ್ಮಾನಿಸುವವನು ಬೈಂಡರು. ಹಾಗಾದರೆ ತನಗೆ ಬೇಕಾದ ಪುಟವನ್ನೇ ಯಾಕೆ ಆರಿಸಬಾರದು? ಹುಡುಕಿದ, ಆಕಳಿಸಿದ, ಮತ್ತೆ ಹುಡುಕಿದ. ‘ಪತ್ನಿಯ ಮೌನ’ ಎಂಬುದೇನಾದರೂ ಸಿಗುತ್ತದೆಯೇ ಎಂದು ನೋಡಿದ. ಗ್ರಂಥಕರ್ತರಿಗೆ ಅನುಭವವಿತ್ತೆಂದು ತೋರುತ್ತದೆ, ಅಂಥದ್ದನ್ನು ಬರೆದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾನೂರ ಹದಿಮೂರನೆಯ ಪುಟ ಕೈಗೆ ಬಂತು. ತಲೆಬರಹ: ‘ಕೊಟ್ಟದ್ದು, ಪಡೆದದ್ದು’. ರಟ್ಟಪ್ಪ ಕನ್ನಡಕ ಸರಿಮಾಡಿಕೊಂಡು ಓದಿದ.

“ಕೊಟ್ಟವನು ಕೊಟ್ಟದ್ದನ್ನು ನೆನೆಯಬಾರದು. ಹಿಂದಿರುಗಿಸೆಂದು ಬಾಗಿಲಲ್ಲಿ ನಿಂತು ಕೇಳಬಾರದು. ಕಿರಿಯನನ್ನು ಸುಳ್ಳನೆನ್ನುವ ಹಿರಿಯನು ತನ್ನ ಹಿರಿತನವನ್ನೇ ಕಳೆದುಕೊಳ್ಳುವನು. ಅಣ್ಣನೇ ಮೊದಲು ತಮ್ಮನ ಬಾಗಿಲಿಗೆ ಹೋಗಲಿ, ತಲೆ ತಗ್ಗಿಸಿ ಹೋಗಲಿ.”

ಪುಟ ಅಲ್ಲಿಗೆ ಮುಗಿಯಿತು. ರಟ್ಟಪ್ಪನಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಇಷ್ಟು ಒಳ್ಳೆಯ ಗ್ರಂಥವನ್ನು ತಾನು ಇಷ್ಟು ದಿನ ಅಪಾರ್ಥ ಮಾಡಿಕೊಂಡೆನಲ್ಲ ಎಂದು ಕಣ್ಣಲ್ಲಿ ನೀರೂ ಬಂತು. ಬೇಕಾದದ್ದು ಸಿಕ್ಕಮೇಲೆ ಪುಟ ತಿರುಗಿಸುವ ದಡ್ಡ ಯಾರು? ಅವನು ಪುಟದ ಅಂಕಿಯನ್ನು ಮಾತ್ರ ಗುರುತು ಹಾಕಿಕೊಂಡು ಕೆಲಸಕ್ಕೆ ಕೂತ.

ಅಂಥ ಕೆಲಸವನ್ನು ಅವನು ಜೀವಮಾನದಲ್ಲಿ ಮಾಡಿರಲಿಲ್ಲ. ಹಳೆಯ ಹೊಲಿಗೆ ಬಿಚ್ಚಿ, ಜೋಡಿದಾರ ಹಾಕಿ ಹೊಲಿದ. ಏಳು ಮುರುಕುಗಳನ್ನೂ ಒಳಗಿನಿಂದ ಬಟ್ಟೆ ಅಂಟಿಸಿ ಮುಚ್ಚಿದ. ಹೊಸ ರಟ್ಟು, ಅದರ ಮೇಲೆ ಕಂದು ಬಟ್ಟೆ. ಬಟ್ಟೆ ಇನ್ನೂ ಅಂಟಿನಿಂದ ಒದ್ದೆಯಿರುವಾಗಲೇ ಗ್ರಂಥವನ್ನು ನಾನೂರ ಹದಿಮೂರಕ್ಕೆ ಅಗಲಿಸಿ, ಹಿಂಗೋಡೆಯ ಉದ್ದಕ್ಕೂ ಇಟ್ಟಿಗೆಗಳ ಮೇಲೆ ಮಲಗಿಸಿದ್ದ ಒಣಗುಮಂಚದ ಮೇಲಿಟ್ಟ. ಕೆಳಗಿನಿಂದಲೂ ಗಾಳಿಯಾಡಲೆಂದು ಮೇಲಿನ ರಟ್ಟುಗಳ ಹಾಸನ್ನು ಸರಿಸಿ ಅಡ್ಡಪಟ್ಟಿಗಳ ಮೇಲೇ ಇಟ್ಟು, ಪುಟಗಳ ಮೇಲೆ ಎರಡು ಕಬ್ಬಿಣದ ತೂಕ ಹೇರಿದ. ಎರಡು ದಿನ ಹಾಗೇ ಬಿಟ್ಟ. ಎತ್ತಿದಾಗ ಹಿಂಬದಿಯ ಬಟ್ಟೆಗೆ ಹಸಿರು ಚಕ್ಕೆಗಳು ಒಂದಷ್ಟು ಮೆತ್ತಿಕೊಂಡಿದ್ದವು. ಹಿಂಬದಿಯನ್ನು ಯಾರು ನೋಡುತ್ತಾರೆ ಎಂದು ಬಿಟ್ಟ.

ಹತ್ತು ಸಲ ಮುಚ್ಚಿ ತೆರೆದು ನೋಡಿದ. ಹತ್ತು ಸಲವೂ ನಾನೂರ ಹದಿಮೂರು.

ಗ್ರಂಥ ಮನೆಗೆ ಬಂದಾಗ ಹೆಂಡತಿ ಬೆನ್ನನ್ನು ಸವರಿ, “ಚೆನ್ನಾಗಿ ಕಟ್ಟಿದೀರಿ” ಎಂದಳು. ಆಮೇಲೆ, ಏನೂ ವಿಶೇಷವಿಲ್ಲವೆಂಬಂತೆ, “ಭಾನುವಾರ ಅತ್ತೇನ ಕರೆದಿದ್ದೀನಿ. ಭಾವನೂ ಬರ್ತಾರೆ. ನೀವು ಅವರ ಹೊಸಿಲು ತುಳಿಯಲ್ಲ ಅಂದಿದ್ದು, ಅವರು ನಿಮ್ಮ ಹೊಸಿಲು ತುಳಿಯಲ್ಲ ಅಂದಿಲ್ಲವಲ್ಲ” ಎಂದಳು.

ಬೇರೆ ದಿನವಾಗಿದ್ದರೆ ರಟ್ಟಪ್ಪ ಮನೆಯ ಮಾಡು ಹಾರಿಸುತ್ತಿದ್ದ. ಅಂದು, “ಬರಲಿ, ಬರಲಿ. ಗ್ರಂಥ ಎಲ್ಲರಿಗೂ ಸೇರಿದ್ದು” ಎಂದ. ಹೆಂಡತಿ ಅವನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

ಭಾನುವಾರ ಮಧ್ಯಾಹ್ನ ಅಣ್ಣ ಬಂದ. ಮೂರು ವರ್ಷದಲ್ಲಿ ಕೂದಲು ಪೂರ್ತಿ ಬೆಳ್ಳಗಾಗಿತ್ತು, ದಪ್ಪ ಕನ್ನಡಕ. ಬಾಗಿಲಲ್ಲಿ ಅವನನ್ನು ನೋಡಿದ ಕೂಡಲೇ ರಟ್ಟಪ್ಪನಿಗೆ ‘ಅಣ್ಣಾ’ ಎನ್ನಬೇಕೆನ್ನಿಸಿತು. ಅನ್ನಲಿಲ್ಲ. ಇಬ್ಬರೂ ಅಮ್ಮನನ್ನು ನಡುವೆ ಕೂರಿಸಿಕೊಂಡು ಅಮ್ಮನ ಮೂಲಕವೇ ಮಾತಾಡಿದರು.

“ಅಮ್ಮ, ಅವನ ಆರೋಗ್ಯ ಹೇಗಿದೆ ಅಂತ ಕೇಳು.”

“ಅಮ್ಮ, ಚೆನ್ನಾಗಿದೆ ಅಂತ ಹೇಳು.”

“ನಾನೇನು ಟೆಲಿಫೋನಾ?” ಎಂದಳು ಅಮ್ಮ. “ಆ ಗ್ರಂಥ ತನ್ನಿ.”

ಅಮ್ಮ ಕಣ್ಣುಮುಚ್ಚಿ ತೆರೆದಳು. ಗ್ರಂಥ ಆಜ್ಞೆಗೆ ಕಾದಿದ್ದಂತೆ ಪಟ್ಟನೆ ಅಗಲಿಸಿಕೊಂಡಿತು. ಅಮ್ಮ ಕಣ್ಣು ಬಿಟ್ಟು ನೋಡಿ, “ಇದೆಲ್ಲಿಯ ಪುಟ? ಇದು ಯಾವತ್ತೂ ಬಂದಿಲ್ಲವಲ್ಲ” ಎಂದು ಹುಬ್ಬು ಗಂಟಿಕ್ಕಿದಳು.

“ಬಂದದ್ದನ್ನ ಸ್ವೀಕರಿಸಬೇಕು ಅಮ್ಮ. ಹಿರಿಯರು ಓದಲಿ” ಎಂದ ರಟ್ಟಪ್ಪ.

ಅಣ್ಣ ಓದಿದ. ಬೋರ್ಡು ಬರೆಯುವವನಾದ್ದರಿಂದ ಒಂದೊಂದಕ್ಷರವನ್ನೂ ತೂಗಿ ಓದಿದ. ‘ಸುಳ್ಳನೆನ್ನುವ ಹಿರಿಯನು’ ಎಂಬಲ್ಲಿಗೆ ಬಂದಾಗ ದನಿ ಇಳಿಯಿತು. ‘ತಲೆ ತಗ್ಗಿಸಿ ಹೋಗಲಿ’ ಎಂದು ಮುಗಿಸಿ ಕನ್ನಡಕ ತೆಗೆದ.

“ನಿಜ ಕಣೋ” ಎಂದ ಅಣ್ಣ, ಅಮ್ಮನನ್ನು ದಾಟಿ ನೇರವಾಗಿ ತಮ್ಮನನ್ನೇ ನೋಡುತ್ತ. “ಒಂದು ಏಣಿಗೋಸ್ಕರ ನಿನ್ನ ಸುಳ್ಳ ಅಂದುಬಿಟ್ಟೆ. ನಾನೇ ಮೊದಲು ಬರಬೇಕಿತ್ತು. ತಪ್ಪಾಯ್ತು.”

ರಟ್ಟಪ್ಪ ಅಲ್ಲಿಗೆ ಎದ್ದು ಅಣ್ಣನನ್ನು ಅಪ್ಪಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಆದರೆ ಮೂರು ವರ್ಷ ಹಸಿದವನಿಗೆ ಒಂದು ತುತ್ತು ಸಾಲುತ್ತದೆಯೇ? ಅವನು ಗಂಟಲು ಸರಿಮಾಡಿಕೊಂಡು, “ನೋಡಿದ್ರಾ, ಗ್ರಂಥ ಅಂದ್ರೆ ಹಿಂಗಿರಬೇಕು. ಎಂಥಾ ಮಾತು! ಅಣ್ಣಾ, ಇನ್ನೊಂದ್ಸಲ ಓದು. ಕೊನೇ ಭಾಗ ಸ್ವಲ್ಪ ಗಟ್ಟಿಯಾಗಿ ಓದು” ಎಂದ.

ಅಣ್ಣ ಮತ್ತೆ ಓದಿದ. ಈ ಸಲ ಪುಟದ ಮೂಲೆಗೆ ಬಂದಾಗ ಅವನ ಹೆಬ್ಬೆಟ್ಟು ಅಭ್ಯಾಸಬಲದಿಂದ ಹಾಳೆಯನ್ನು ಆ ಕಡೆಗೆ ತಿರುಗಿಸಿತು.

“ಮುಂದೂ ಇದೆಯಲ್ಲ” ಎಂದ ಅಣ್ಣ.

“ಮುಂದಿರೋದು ಬೇರೆ ವಿಷಯ, ಬಿಡು” ಎಂದ ರಟ್ಟಪ್ಪ. (ಅವನಿಗೇನು ಗೊತ್ತು!)

“ಅರ್ಧ ದಾಖಲೆ ಸಾಕ್ಷ್ಯ ಆಗಲ್ಲ ಅಪ್ಪ. ದೊಡ್ಡಪ್ಪ, ಓದಿ” ಎಂದಳು ಮಗಳು.

ಅಣ್ಣ ಓದಿದ: “ಹೀಗೆಂದು ಊರಿಗೆಲ್ಲ ಬೋಧಿಸುವವನು ಯಾರು? ಪಡೆದದ್ದನ್ನು ಹಿಂದಿರುಗಿಸದವನೇ. ಅವನ ಬೋಧನೆಯನ್ನು ಕೇಳಬೇಡಿ. ಹೋಗಿ ಅವನ ಮನೆಯ ಮೂಲೆಗಳನ್ನು ನೋಡಿ.”

ಮಗಳು ಕೆಮ್ಮಿದಳು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಹೆಂಡತಿ ಮಾತ್ರ ಗಂಭೀರವಾಗಿ, “ಯಾರಿಗೆ ಎಲ್ಲಿ ತಾಗಿತು, ಹೇಳಿ” ಎಂದಳು.

“ಮೂಲೆ ನೋಡ್ಕೊಳಿ!” ಎಂದು ರಟ್ಟಪ್ಪ ಎದ್ದು ನಿಂತ. “ಇಡೀ ಮನೆ ನೋಡ್ಕೊಳಿ! ನನ್ನ ಮನೇಲಿ ಏಣಿ ಇದ್ರೆ ನಾನು ಈ ಗ್ರಂಥಾನ ತಲೆ ಮೇಲೆ ಹೊತ್ಕೊಂಡು ಬೀದಿ ಸುತ್ತುತೀನಿ!”

ಅಣ್ಣ ಅವನ ಮಾತು ಕೇಳುತ್ತಿರಲಿಲ್ಲ. ಗ್ರಂಥವನ್ನು ಮಗುಚಿ ಹಿಡಿದು ಕಣ್ಣಿನ ಹತ್ತಿರ ತಂದು ನೋಡುತ್ತಿದ್ದ.

“ಈ ಹಸಿರು ಎಲ್ಲಿಂದ ಬಂತೋ?”

“ಯಾವ ಹಸಿರು? ಹಸಿರು ಪ್ರಪಂಚದಲ್ಲೆಲ್ಲ ಇದೆ.”

“ಇದು ಪ್ರಪಂಚದ ಹಸಿರಲ್ಲ, ನನ್ನ ಹಸಿರು. ಮೂಲೆ ಔಷಧಿ ಅಂಗಡಿ ಬೋರ್ಡಿಗೆ ನಾನೇ ಬೆರೆಸಿದ್ದು. ಡಬ್ಬಿ ಏಣಿ ಮೇಲೇ ಚೆಲ್ಲಿತ್ತು, ಮೂರನೇ ಮೆಟ್ಟಿಲ ಮೇಲೆ.” ಅಣ್ಣ ಉಗುರಿನಿಂದ ಒಂದು ಚಕ್ಕೆಯನ್ನು ಎಬ್ಬಿಸಿದ. “ಅಡಿಯಲ್ಲಿ ಹಳದಿ. ಅದು ಅದಕ್ಕೂ ಹಿಂದಿನ ಕೆಲಸದ್ದು. ಇದನ್ನ ಎಲ್ಲಿ ಒಣಗಿಸಿದೆ?”

ರಟ್ಟಪ್ಪ ಬಾಯಿ ತೆರೆದ. ಒಣಗುಮಂಚದ ಮೇಲೆ ಎನ್ನಬೇಕೆಂದಿದ್ದ. ಆದರೆ ಆ ಒಣಗುಮಂಚವನ್ನು ಯಾವಾಗ ಮಾಡಿದೆ ಎಂದು ನೆನಪು ಮಾಡಿಕೊಳ್ಳಲು ಹೋದ. ಚಾವಣಿಗೆ ಬಣ್ಣ ಬಳಿದ ವಾರ. ಶಾಲೆಯ ಮುನ್ನೂರು ಪುಸ್ತಕ ಒಟ್ಟಿಗೆ ಬಂದಿದ್ದವು, ಹರಡಲು ಜಾಗವಿರಲಿಲ್ಲ. ಎರಡು ದಿನಕ್ಕೆಂದು, ಬರೀ ಎರಡೇ ದಿನಕ್ಕೆಂದು… “ಅಂಗಡೀಲಿ” ಎಂದ ಮೆಲ್ಲಗೆ.

ಅಂಗಡಿ ಮೂರು ಮನೆಯಾಚೆ. ಇಡೀ ಕುಟುಂಬ ಮೆರವಣಿಗೆಯಲ್ಲಿ ಹೋಯಿತು. ಅಣ್ಣ ಹಿಂಗೋಡೆಯ ಹತ್ತಿರ ಹೋಗಿ ರಟ್ಟುಗಳ ಹಾಸನ್ನು ಒಂದೊಂದಾಗಿ ಎತ್ತಿದ. ಕೆಳಗೆ, ಇಟ್ಟಿಗೆಗಳ ಮೇಲೆ, ಮೂರು ವರ್ಷದಿಂದ ಆರಾಮವಾಗಿ ಮಲಗಿತ್ತು ಏಣಿ. ಮೂರನೇ ಮೆಟ್ಟಿಲು ಹಸಿರು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಇವನು ಹುಡುಕಲೂ ಇಲ್ಲ. ಕೂಸಿನ ಮೇಲೆ ಪುಸ್ತಕ ಒಣಗಿಸಿಕೊಂಡು ಕೂಸೇ ಇಲ್ಲವೆಂದು ಆಣೆಯಿಟ್ಟಿದ್ದ. ಗೇಟಿಗೆ ಒರಗಿಸಿದ್ದು? ಒರಗಿಸಬೇಕು ಎಂದುಕೊಂಡಿದ್ದು ನಿಜ. ಅಂದುಕೊಂಡದ್ದೇ ಮಾಡಿದ್ದಾಗಿ ತಲೆಯಲ್ಲಿ ಕೂತುಬಿಟ್ಟಿತ್ತು. ಬಸ್ ಸ್ಟಾಪಿನ ಬೆಂಚು, ಆಸ್ಪತ್ರೆಯ ಗೇಟು ಎಲ್ಲ ಒಟ್ಟಿಗೆ ನೆನಪಾಗಿ ರಟ್ಟಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸುವಷ್ಟು ನಾಚಿಕೆಯಾಯಿತು.

“ಅಣ್ಣಾ, ತಪ್ಪಾಯ್ತು. ನಾನು ಬೇಕಂತ…”

“ಗೊತ್ತು. ಬೇಕಂತ ಮಾಡೋಷ್ಟು ಬುದ್ಧಿ ನಿನಗಿಲ್ಲ” ಎಂದ ಅಣ್ಣ. ನಗು ತಡೆಯುತ್ತಿದ್ದನೋ ಅಳುವನ್ನೋ, ಕನ್ನಡಕದ ಹಿಂದೆ ಕಾಣಲಿಲ್ಲ. “ಹೊರು. ನನ್ನ ಮನೆವರೆಗೂ ನೀನೇ ಹೊರು. ಇನ್ನೊಂದು ತುದಿ ನಾನು ಹಿಡಿಯಲ್ಲ.”

“ಗ್ರಂಥ ತಲೆ ಮೇಲೆ ಹೊತ್ಕೋತೀನಿ ಅಂದಿದ್ರಿ” ಎಂದು ಹೆಂಡತಿ ನೆನಪಿಸಿದಳು.

“ಅದು ಮನೇಲಿದ್ರೆ ಅಂದಿದ್ದು. ಇದು ಅಂಗಡಿ” ಎಂದ ರಟ್ಟಪ್ಪ. ಮಗಳು ಈ ವಾದವನ್ನು ಪುರಸ್ಕರಿಸಿದ್ದರಿಂದ ಅಷ್ಟು ಮಾತ್ರ ಮಾನ ಉಳಿಯಿತು. ಆದರೆ ಹೆಗಲ ಮೇಲೆ ಏಣಿ ಹೊತ್ತು ಬೀದಿಯುದ್ದಕ್ಕೂ ನಡೆಯುವವನನ್ನು ನೋಡಲು ಜನ ಬಾಗಿಲಿಗೆ ಬಾರದಿರುತ್ತಾರೆಯೇ? ‘ಏನು ರಟ್ಟಪ್ಪ, ಸ್ವರ್ಗಕ್ಕೋ?’ ಎಂದು ಕೇಳದಿರುತ್ತಾರೆಯೇ?

ದಾರಿಯಲ್ಲಿ ಅವನು ಕೊನೆಯ ಅಸ್ತ್ರ ಪ್ರಯೋಗಿಸಿದ. “ಎಲ್ಲಾ ಸರಿ. ಆದ್ರೆ ಇವಳು ಮೋಸ ಮಾಡಿದ್ದು ಮೋಸವೇ ಅಮ್ಮ! ಗ್ರಂಥದ ಬೆನ್ನು ಏಳು ಕಡೆ ಮುರಿದಿಟ್ಟಿದ್ಲು, ಏಳೂ ನನಗೆ ಬಯ್ಯೋ ಪುಟಗಳು!”

“ಅವಳ್ಯಾಕೆ ಮುರೀತಾಳೆ? ಮುರಿದವಳು ನಾನು” ಎಂದಳು ಅಮ್ಮ. “ಚಿಕ್ಕವನಿದ್ದಾಗ ನೀನು ಸುಳ್ಳು ಹೇಳಿದ ದಿನ ಸುಳ್ಳಿನ ಪುಟ ಓದ್ತಿದ್ದೆ, ಹಟ ಮಾಡಿದ ದಿನ ಹಟದ್ದು. ಇವನಿಗೆ ಒಳ್ಳೆ ಬುದ್ಧಿ ಕೊಡಪ್ಪ ಅಂತ ಅಗಲಿಸಿಟ್ಕೊಂಡು ಅಳ್ತಿದ್ದೆ. ನಲವತ್ತು ವರ್ಷ ಓದಿದ್ರೆ ಬೆನ್ನು ಮುರೀದೆ ಇರುತ್ತಾ? ಅದನ್ನೂ ಕಟ್ಟಿ ಮುಚ್ಚಿಬಿಟ್ಯಾ?”

ರಟ್ಟಪ್ಪನ ಹೆಗಲಿನ ಏಣಿ ಒಮ್ಮೆಲೇ ಎರಡು ಮಣ ಹೆಚ್ಚು ಭಾರವಾಯಿತು. ಅಣ್ಣ ಬಂದು ಇನ್ನೊಂದು ತುದಿ ಹಿಡಿದ.

ಈಗ ಅಣ್ಣತಮ್ಮಂದಿರು ಚೆನ್ನಾಗಿದ್ದಾರೆ. ಅಮ್ಮನನ್ನು ನೋಡಲು ಬಸ್ ಸ್ಟಾಪಿಗೆ ಹೋಗಬೇಕಾಗಿಲ್ಲ. ಆದರೆ ಗ್ರಂಥಾಧ್ಯಯನ ನಿಂತಿಲ್ಲ. ಸಂಜೆ ಚಹಾ ಆಗುತ್ತದೆ, ಹೆಂಡತಿ ಕಣ್ಣುಮುಚ್ಚಿ ಗ್ರಂಥವನ್ನು ತೆರೆಯುತ್ತಾಳೆ, ಅದು ಪಟ್ಟನೆ ನಾನೂರ ಹದಿಮೂರಕ್ಕೆ ಅಗಲಿಸಿಕೊಳ್ಳುತ್ತದೆ. ಮಗಳು ತೆರೆದರೂ ನಾನೂರ ಹದಿಮೂರು. ರಟ್ಟಪ್ಪ ಎರಡೂ ಕೈಯಿಂದ ಬೇರೆ ಪುಟವನ್ನು ಬಲವಂತವಾಗಿ ಹಿಡಿದರೂ, ಕೈ ಬಿಟ್ಟ ಕೂಡಲೇ ಹಾಳೆಗಳು ಸರಸರನೆ ತಿರುಗಿ ಅಲ್ಲಿಗೇ ಬಂದು ನಿಲ್ಲುತ್ತವೆ. ಜೋಡಿದಾರ, ಒಳಬಟ್ಟೆ, ಎರಡು ತೂಕ, ಎರಡು ದಿನ. ಅವನ ಕೈಕೆಲಸ ಇನ್ನು ಮೂವತ್ತು ವರ್ಷ ಅಲುಗುವುದಿಲ್ಲ. ಬಿಚ್ಚಿ ಮತ್ತೆ ಕಟ್ಟುತ್ತೇನೆ ಎಂದು ಬೇಡಿಕೊಂಡ. ಗ್ರಂಥ ಅಂಗಡಿಗೆ ಹೋಗಕೂಡದೆಂದು ಮನೆಯಲ್ಲಿ ಕಾಯಿದೆಯಾಗಿದೆ.

ಅವನಿಗೆ ಒಂದು ಅನುಮಾನ ಮಾತ್ರ ಇನ್ನೂ ಉಳಿದಿದೆ. ತಿಂಗಳಿಗೊಮ್ಮೆ ಅಂಗಡಿಯ ಕಸ ಗುಡಿಸಿ, ರಟ್ಟುಗಳ ಹಾಸನ್ನೆತ್ತಿ ಧೂಳು ಕೊಡವುತ್ತಿದ್ದವಳು ಹೆಂಡತಿಯೇ. ಒಂದು ಸಂಜೆ ಧೈರ್ಯ ಮಾಡಿ ಕೇಳಿದ.

“ಲೇ, ನಿಜ ಹೇಳು. ಏಣಿ ಅಲ್ಲಿರೋದು ನಿನಗೆ ಮುಂಚೇನೇ ಗೊತ್ತಿತ್ತಾ?”

ಅವಳು ಚಹಾದ ಲೋಟ ಕೆಳಗಿಟ್ಟು, ಗ್ರಂಥವನ್ನು ಅವನ ಮುಂದಕ್ಕೆ ಸರಿಸಿದಳು.

“ಇವತ್ತು ನಿಮ್ಮ ಸರದಿ. ಓದಿ. ಪುಟ ತಿರುಗಿಸೋದು ಮರೀಬೇಡಿ.”